ನಮ್ಮ ಹಾಸುಬಂಡೆಯ ಹೆಸರು ಮತ್ತು ವಯಸ್ಸು

ಸರಕಾರಿ ನೌಕರಿಯಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಸೇವಾ ಪುಸ್ತಕದ ಮೊದಲ ಪುಟದಲ್ಲಿ ಎರಡು ಅಂಕಣಗಳು ಬಹಳ ಮುಖ್ಯ. ಒಂದು ಹೆಸರು, ಇನ್ನೊಂದು ಜನ್ಮ ದಿನಾಂಕ. ಹೆಸರಿನದು ಅಷ್ಟೇನೂ ತೊಡಕಿಲ್ಲ. ಹಿರಿಯರು ಇಟ್ಟದ್ದು ನಡೆಯುತ್ತದೆ, ಬೇಡವೆಂದರೆ ಗೆಜೆಟ್ಟಿನಲ್ಲಿ ಪ್ರಕಟಿಸಿ ಬದಲಾಯಿಸಿಕೊಳ್ಳಲೂಬಹುದು. ಜನ್ಮ ದಿನಾಂಕ ಹಾಗಲ್ಲ. ಅದಕ್ಕೆ ದಾಖಲೆ ಬೇಕು. ಯಾರು ಹಿರಿಯರು, ಯಾರು ಕಿರಿಯರು, ಯಾರಿಗೆ ಮೊದಲು ಬಡ್ತಿ ಎಂಬ ಜಗಳಗಳೆಲ್ಲ ಹುಟ್ಟುವುದು ಈ ಎರಡನೆಯ ಅಂಕಣದಿಂದಲೇ.

ಮನುಷ್ಯರ ಮಾತು ಹೀಗಾದರೆ ಕಲ್ಲುಗಳ ಮಾತೇನು? ಕರ್ನಾಟಕದ ನೆಲಕ್ಕೆ ಬುನಾದಿಯಾಗಿರುವ ಬಂಡೆಗೂ ಇದೇ ಎರಡು ಅಂಕಣಗಳ ಕಥೆಯಿದೆ. ಅದಕ್ಕೆ ಹೆಸರು ಬಂದದ್ದು 1916ರಲ್ಲಿ. ನಂಬುವಂಥ ವಯಸ್ಸು ದೊರೆಯಲು ಮತ್ತೆ ಅರವತ್ತು ಎಪ್ಪತ್ತು ವರ್ಷ ಹಿಡಿಯಿತು. ಈ ನಡುವಿನ ಅವಧಿಯಲ್ಲಿ ಹಿರಿತನದ ಜಗಳ ಜೋರಾಗಿಯೇ ನಡೆಯಿತು. ಆ ಚರಿತ್ರೆಯನ್ನು ನಮಗೆ ತಿಳಿದಮಟ್ಟಿಗೆ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ನೋಡಿಯೇ ಇರುತ್ತೀರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಅಲ್ಲೊಂದು ಫಲಕವನ್ನೂ ನಿಲ್ಲಿಸಿದೆ. ಆ ಬಂಡೆಯೇ ನಮ್ಮ ಕಥಾನಾಯಕ. ಭೂವಿಜ್ಞಾನಿಗಳ ಭಾಷೆಯಲ್ಲಿ ಅದು ಪೆನಿನ್ಸುಲಾರ್ ನೈಸ್, ಎಂದರೆ ಪರ್ಯಾಯದ್ವೀಪದ ನೈಸ್ ಶಿಲೆ.

‘ನೈಸ್’ ಎಂದೊಡನೆ ನಮ್ಮವರಿಗೆ ನುಣುಪು ನೆನಪಾಗುತ್ತದೆ. ಈ ಕಲ್ಲಿಗೂ ಆ ನುಣುಪಿಗೂ ಸಂಬಂಧವಿಲ್ಲ. ಈ ಮಾತು ಜರ್ಮನಿಯ ಸ್ಯಾಕ್ಸನಿ ಸೀಮೆಯ ಗಣಿ ಕೆಲಸಗಾರರ ಬಾಯಿಂದ ಬಂದು ವಿಜ್ಞಾನದ ಪುಸ್ತಕ ಸೇರಿದ್ದು. ಗ್ರಾನೈಟಿನಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳೇ ಇದರಲ್ಲೂ ಇವೆ. ಆದರೆ ಭೂಮಿಯ ಒಳಗಿನ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ, ಆ ಖನಿಜಗಳು ಬಿಳಿಯವು ಒಂದೆಡೆ, ಕಪ್ಪಿನವು ಒಂದೆಡೆ ಪಟ್ಟೆಪಟ್ಟೆಯಾಗಿ ಜೋಡಣೆಗೊಂಡಿವೆ. ಹಳೆಯ ಸೀರೆಯ ಮಡಿಕೆಗಳಂತೆ ಈ ಪಟ್ಟೆಗಳು ಬಾಗಿ ಬಳುಕಿರುವುದನ್ನು ಯಾವ ಹಾಸುಬಂಡೆಯ ಮೇಲಾದರೂ ಕಾಣಬಹುದು. ನಮ್ಮ ಊರುಗಳಲ್ಲಿ ಮಾಳಿಗೆಗೆ ಹೊದಿಸುತ್ತಿದ್ದ ಚಪ್ಪಡಿ, ಹೊಲದ ಬೇಲಿಗೆ ನೆಡುತ್ತಿದ್ದ ಕಲ್ಲುಕಂಬ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು, ಇವುಗಳಲ್ಲಿ ಬಹುಪಾಲು ಈ ಶಿಲೆಯೇ. ಕಲ್ಲುಕುಟಿಕರು ಇದನ್ನು ಬಿಳಿಕಲ್ಲು ಎಂದರು, ಕಾಡುಗಲ್ಲು ಎಂದರು. ವ್ಯಾಪಾರಿಗಳು ಗ್ರಾನೈಟ್ ಎಂದು ಮಾರಿದರು. ಶಾಸ್ತ್ರೀಯ ನಾಮಕರಣ ಆಮೇಲೆ ಆಯಿತು.

ನಾಮಕರಣದ ಕಾಲ

ನಾಮಕರಣ ಮಾಡಿದವರು ಯಾರು? ದಕ್ಷಿಣ ಭಾರತದ ಶಿಲೆಗಳನ್ನು ಇಂಗ್ಲಿಷರು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಗಮನಿಸಿದ್ದರು. ಆದರೆ ಕರ್ನಾಟಕದ ಮಟ್ಟಿಗೆ ಮೊದಲು ನೆನೆಯಬೇಕಾದ ಹೆಸರು ರಾಬರ್ಟ್ ಬ್ರೂಸ್ ಫೂಟ್ ಅವರದು. 1858ರಲ್ಲಿ ಸರ್ವೇಕ್ಷಣ ಇಲಾಖೆಗೆ ಸೇರಿದ ಅವರು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಕೊಡಲಿಯನ್ನು ಹುಡುಕಿ ಹೆಸರಾದವರು. ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ದಕ್ಷಿಣವನ್ನೆಲ್ಲ ಸುತ್ತಿದ ಅವರು 1880ರ ದಶಕದಲ್ಲಿ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದರು. ವಿಶಾಲವಾದ ನೈಸ್ ಬಯಲಿನ ನಡುನಡುವೆ ಕಪ್ಪು, ಹಸಿರು, ಕೆಂಪು ಬಣ್ಣದ ಬೇರೆ ಜಾತಿಯ ಪದರಶಿಲೆಗಳು ಉದ್ದುದ್ದ ಪಟ್ಟಿಗಳಾಗಿ ಹಾದುಹೋಗಿವೆ. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ದೊರೆಯುವುದೆಲ್ಲ ಈ ಪಟ್ಟಿಗಳಲ್ಲೇ. ಇವಕ್ಕೆ ಫೂಟ್ ಅವರು ‘ಧಾರವಾಡ’ ಎಂದು ಹೆಸರಿಟ್ಟರು. ನಮ್ಮ ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳನ್ನು ಸೇರಿದ್ದು ಹೀಗೆ.

ಫೂಟ್ ಅವರ ದೃಷ್ಟಿಯಲ್ಲಿ ನೈಸ್ ಎಂಬುದು ನೆಲಗಟ್ಟು. ಅದರ ಮೇಲೆ ಕಾಲಾಂತರದಲ್ಲಿ ಧಾರವಾಡ ಪದರಗಳು ಹಾಸಿಕೊಂಡವು. ಎಂದರೆ ನೈಸ್ ಹಿರಿಯ, ಧಾರವಾಡ ಕಿರಿಯ.

1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಒಂದು ದೇಶೀಯ ಸಂಸ್ಥಾನಕ್ಕೆ ಆ ಕಾಲದಲ್ಲಿ ಇದು ಸಾಮಾನ್ಯದ ಮಾತಲ್ಲ. ಫೂಟ್ ಅವರೇ ಅದರ ಆರಂಭದ ಮುಖ್ಯಸ್ಥರು. ಅವರ ತರುವಾಯ ಬಂದ ಡಬ್ಲ್ಯು.ಎಫ್. ಸ್ಮೀತ್ ಅವರು ಇಲಾಖೆಯನ್ನು ಬಹುಕಾಲ ನಡೆಸಿದರು. ಅವರ ಕೈಕೆಳಗೆ ಸಂಸ್ಥಾನದ ಮೂಲೆಮೂಲೆಯ ಶಿಲೆಗಳ ನಕ್ಷೆ ತಯಾರಾಯಿತು. 1916ರಲ್ಲಿ ಸ್ಮೀತ್ ಅವರು ಮೈಸೂರಿನ ಭೂವೈಜ್ಞಾನಿಕ ಇತಿಹಾಸದ ರೂಪರೇಖೆಯನ್ನು ಇಲಾಖೆಯ ಪ್ರಕಟಣೆಯಾಗಿ ಹೊರತಂದರು. ನಮ್ಮ ಹಾಸುಬಂಡೆಗೆ ಪೆನಿನ್ಸುಲಾರ್ ನೈಸ್ ಎಂಬ ಹೆಸರು ನಿಂತದ್ದು ಅದರಲ್ಲಿಯೇ. ಇದು ಒಂದೂರಿನ ಕಲ್ಲಲ್ಲ, ಇಡೀ ಪರ್ಯಾಯದ್ವೀಪಕ್ಕೆ ಹಬ್ಬಿದ ಕಲ್ಲು ಎಂಬ ಭಾವನೆ ಆ ಹೆಸರಿನಲ್ಲಿದೆ.

ಹೆಸರುಗಳ ಜೊತೆಗೆ ಸ್ಮೀತ್ ಅವರು ಒಂದು ಹಿರಿತನದ ಪಟ್ಟಿಯನ್ನೂ ಸಿದ್ಧಪಡಿಸಿದರು. ಎಲ್ಲಕ್ಕಿಂತ ಹಿರಿದು ಧಾರವಾಡ. ಅನಂತರ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯ ಹೆಸರು ಹೊತ್ತ ಚಾಂಪಿಯನ್ ನೈಸ್. ಆಮೇಲೆ ಪೆನಿನ್ಸುಲಾರ್ ನೈಸ್. ಅದಾದ ಮೇಲೆ ಚಾರ್ನೊಕೈಟ್. ಕೊನೆಯಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್. ಫೂಟ್ ಅವರ ಅಭಿಪ್ರಾಯ ಇಲ್ಲಿ ತಲೆಕೆಳಗಾಯಿತು. ನೆಲಗಟ್ಟು ಎಂದುಕೊಂಡಿದ್ದ ನೈಸ್ ಈಗ ಕಿರಿಯನಾಯಿತು, ಮೇಲಿನ ಧಾರವಾಡ ಹಿರಿಯನಾಯಿತು!

ಈ ಪಟ್ಟಿಯ ಕೊನೆಯ ಎರಡು ಹೆಸರುಗಳ ಹಿಂದೆ ಎರಡು ಸ್ವಾರಸ್ಯದ ಕಥೆಗಳಿವೆ. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ. 1799ರಲ್ಲಿ ಟಿಪ್ಪೂ ಪತನವಾದ ಮೇಲೆ ಮೈಸೂರಿನ ಮೊದಲ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್ ಎಂಬಾತನ ಹೆಸರನ್ನು ಆ ಊರಿಗಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಊರು ರಾಮನಗರವಾಯಿತು. 2025ರಲ್ಲಿ ಜಿಲ್ಲೆಯ ಹೆಸರನ್ನೂ ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಊರಿಗೆ, ಜಿಲ್ಲೆಗೆ ಹೆಸರು ಬದಲಾಯಿತು, ಕಲ್ಲಿಗೆ ಮಾತ್ರ ಬದಲಾಗಲಿಲ್ಲ. ಜನ ಮರೆತ ಆ ಇಂಗ್ಲಿಷ್ ಅಧಿಕಾರಿ ಇಂದಿಗೂ ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ಉಳಿದಿದ್ದಾನೆ. ಮುಂಬಯಿಯ ನಮ್ಮ ಓದುಗರಿಗೆ ಈ ಕಲ್ಲಿನ ಪರಿಚಯ ಬೇರೊಂದು ಬಗೆಯಲ್ಲಿದೆ. 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಚಿತ್ರದಲ್ಲಿ ಗಬ್ಬರ್‌ಸಿಂಗ್ ಓಡಾಡಿದ್ದು ಈ ಕ್ಲೋಸ್‌ಪೇಟೆ ಗ್ರಾನೈಟಿನ ಗುಡ್ಡಗಳಲ್ಲಿಯೇ.

ಚಾರ್ನೊಕೈಟಿನದು ಇನ್ನೂ ವಿಚಿತ್ರ. ಕಲ್ಕತ್ತೆಯ ಸ್ಥಾಪಕನೆಂದು ಬಹುಕಾಲ ಹೇಳಲಾಗುತ್ತಿದ್ದ ಜಾಬ್ ಚಾರ್ನಾಕ್ 1693ರಲ್ಲಿ ತೀರಿಕೊಂಡ. ಅವನ ಸಮಾಧಿಯ ಮೇಲೆ ಒಂದು ಕಪ್ಪಗಿನ ಕಲ್ಲುಹಲಗೆ ಇದೆ. ಟಿ.ಎಚ್. ಹಾಲೆಂಡ್ ಎಂಬ ಭೂವಿಜ್ಞಾನಿ ಅದನ್ನು ಪರೀಕ್ಷಿಸಿ, ಅದು ಮದರಾಸಿನ ಪಲ್ಲಾವರ, ಸೇಂಟ್ ಥಾಮಸ್ ಮೌಂಟ್ ಕಡೆಯ ಕಲ್ಲಿನ ಜಾತಿಯದೆಂದು ಕಂಡು, 1893ರಲ್ಲಿ ಆ ಶಿಲೆಗೆ ಚಾರ್ನೊಕೈಟ್ ಎಂದು ಹೆಸರಿಟ್ಟ. ಕಲ್ಲು ಮದರಾಸಿನದು, ಹೆಸರು ಕಲ್ಕತ್ತೆಯ ಗೋರಿಯೊಂದರದು!

ಇಬ್ಬರು ಸಾಕ್ಷಿಗಳು

ಫೂಟ್ ಮತ್ತು ಸ್ಮೀತ್ ಇಬ್ಬರೂ ಕಣ್ಣಾರೆ ಕಂಡು ಬರೆದವರು. ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಿದ್ದರೆ ಹಿರಿತನದಲ್ಲಿ ಈ ಅಂತರವೇಕೆ?

ಕಲ್ಲುಗಳ ಹಿರಿತನವನ್ನು ಕಣ್ಣಳತೆಯಿಂದ ತೀರ್ಮಾನಿಸಲು ಎರಡು ಸರಳ ಸೂತ್ರಗಳಿವೆ. ಒಂದು ಕಲ್ಲು ಇನ್ನೊಂದರ ಮೇಲೆ ಹಾಸಿಕೊಂಡಿದ್ದರೆ ಕೆಳಗಿನದು ಹಿರಿದು. ಒಂದು ಕಲ್ಲಿನ ತುಣುಕು ಇನ್ನೊಂದರ ಹೊಟ್ಟೆಯೊಳಗೆ ಸಿಕ್ಕಿಕೊಂಡಿದ್ದರೆ ಒಳಗಿನ ತುಣುಕು ಹಿರಿದು. ಗೋಡೆಯಲ್ಲಿ ಹಳೆಯ ಮನೆಯ ಇಟ್ಟಿಗೆ ಕಂಡರೆ ಗೋಡೆಗಿಂತ ಇಟ್ಟಿಗೆ ಹಳೆಯದು ಎಂದು ಹೇಳುವುದಿಲ್ಲವೇ, ಹಾಗೆ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ನೈಸ್ ಬಂಡೆಯ ಮೇಲೆ ಬೆಣಚಿನ ಉರುಟು ಹರಳುಗಳು ಕೂಡಿ ಗಟ್ಟಿಯಾದ ಪದರವಿದೆ. ಯಾವುದೋ ಪುರಾತನ ಹೊಳೆ ನೈಸ್ ನೆಲದ ಮೇಲೆ ಹರಿದು ಬಿಟ್ಟುಹೋದ ಗುರುತು ಅದು. ಅದರ ಮೇಲೆ ಧಾರವಾಡದ ಪದರಗಳಿವೆ. ಇಂಥ ಸಾಕ್ಷ್ಯ ಫೂಟ್ ಅವರ ಪರ. ಹೊಳೆನರಸೀಪುರ, ಸರಗೂರು ಮುಂತಾದ ಕಡೆಗಳಲ್ಲಾದರೋ ಪದರಶಿಲೆಯ ಚೂರುಗಳು ನೈಸ್ ಹೊಟ್ಟೆಯೊಳಗೆ ಹೂತುಕೊಂಡಿವೆ. ನೈಸ್‌ನ ಬಿಳಿ ಎಳೆಗಳು ಪದರಶಿಲೆಯನ್ನು ಸೀಳಿ ಒಳನುಗ್ಗಿವೆ. ಇದು ಸ್ಮೀತ್ ಅವರ ಪರ.

ಸ್ಮೀತ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಧಾರವಾಡ ಶಿಲೆಗಳು ನೀರಿನಲ್ಲಿ ನೆಲೆಗೊಂಡ ಮಣ್ಣುಮರಳಿನಿಂದ ಆದವಲ್ಲ, ಹೆಚ್ಚುಕಡಿಮೆ ಎಲ್ಲವೂ ಭೂಗರ್ಭದ ಬೆಂಕಿಯಿಂದ ಬಂದವು ಎಂದು ವಾದಿಸಿದರು. ಮುಖ್ಯಸ್ಥರ ಮಾತು ಕಡತದಲ್ಲಿ ದಾಖಲಾದ ಮೇಲೆ ಅದನ್ನು ತೆಗೆಯುವುದು ಎಷ್ಟು ಕಷ್ಟವೆಂದು ನಮ್ಮಂಥ ಗುಮಾಸ್ತರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಇಲಾಖೆಯ ಕನ್ನಡ ನಾಡಿನ ಅಧಿಕಾರಿಗಳು ಬೆಟ್ಟಗುಡ್ಡ ಅಲೆದು, ಪದರಗಳಲ್ಲಿ ನೀರಿನ ಅಲೆಗಳು ಮೂಡಿಸಿದ ಗೆರೆಗಳನ್ನೂ ಹೊಳೆ ಹರಿದ ಗುರುತುಗಳನ್ನೂ ಒಂದೊಂದಾಗಿ ಎತ್ತಿ ತೋರಿಸಿದರು. ಮುಂದೆ ಇಲಾಖೆಯ ಮುಖ್ಯಸ್ಥರಾದ ಬಿ. ರಾಮರಾವ್ ಅವರು 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾರವಾಡ ಶಿಲೆಗಳಲ್ಲಿ ನೀರಿನ ಪಾಲು ಎಷ್ಟಿದೆಯೆಂಬುದಕ್ಕೆ ತಕ್ಕ ಸ್ಥಾನ ಸಿಕ್ಕಿತು. ಯಾರನ್ನೂ ಹೀಗಳೆಯದೆ, ಸಾಕ್ಷ್ಯವನ್ನು ಮಾತ್ರ ಮುಂದಿಟ್ಟು ಮೇಲಿನ ಟಿಪ್ಪಣಿಯನ್ನು ತಿದ್ದಿದ ಬಗೆ ಇದು. ನಮಗೆ ಈ ಚರಿತ್ರೆಯಲ್ಲಿ ಬಹಳ ಮೆಚ್ಚಿಗೆಯಾದ ಭಾಗವೂ ಹೌದು.

ಹಿರಿತನದ ಜಗಳ ಮಾತ್ರ ತೀರಲಿಲ್ಲ. 1976ರಲ್ಲಿ ಸರ್ವೇಕ್ಷಣ ಇಲಾಖೆಯ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್, ಎಂ.ಎನ್. ವಿಶ್ವನಾಥ ಅವರು ಒಂದು ದಾರಿ ತೋರಿಸಿದರು. ನಾವು ಧಾರವಾಡ ಎಂದು ಒಂದೇ ಹೆಸರಿನಿಂದ ಕರೆಯುತ್ತಿರುವ ಪದರಶಿಲೆಗಳು ಒಂದೇ ಪೀಳಿಗೆಯವಲ್ಲ, ಎರಡು ಪೀಳಿಗೆಯವು. ಹಳೆಯ ಪೀಳಿಗೆಯವು ನೈಸ್ ಹೊಟ್ಟೆಯೊಳಗೆ ಚೂರುಚೂರಾಗಿ ಸಿಕ್ಕಿಕೊಂಡಿರುವವು. ಅವಕ್ಕೆ ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ಹೆಸರಿಟ್ಟರು. ಹೊಸ ಪೀಳಿಗೆಯವು ನೈಸ್ ಮೇಲೆ ಹಾಸಿಕೊಂಡಿರುವವು. ಅವೇ ನಿಜವಾದ ಧಾರವಾಡ. ಹೀಗೆ ನೋಡಿದರೆ ಫೂಟ್ ಕಂಡದ್ದೂ ಸರಿ, ಸ್ಮೀತ್ ಕಂಡದ್ದೂ ಸರಿ. ಎರಡು ವಸ್ತುಗಳಿಗೆ ಒಂದೇ ಹೆಸರು ಇದ್ದದ್ದೇ ತಕರಾರಿನ ಮೂಲ. ಇದನ್ನೂ ಎಲ್ಲರೂ ಒಮ್ಮೆಗೇ ಒಪ್ಪಲಿಲ್ಲ. ಕಣ್ಣಳತೆಯ ಸಾಕ್ಷ್ಯ ಸಾಲದು, ಜನ್ಮ ದಿನಾಂಕವೇ ಬೇಕು ಎಂಬ ಘಟ್ಟ ಬಂತು.

ಕಲ್ಲಿನ ಠೇವಣಿ ಖಾತೆ

ಕಲ್ಲಿನ ಜನ್ಮ ದಿನಾಂಕವನ್ನು ತಿಳಿಯುವುದು ಹೇಗೆ? ಸ್ಮೀತ್ ಅವರ ಯೌವನದಲ್ಲಿ ಭೂಮಿಯ ವಯಸ್ಸೇ ವಿವಾದದಲ್ಲಿತ್ತು. 1897ರಲ್ಲಿ ಲಾರ್ಡ್ ಕೆಲ್ವಿನ್ ಅವರು ಭೂಮಿ ಆರುತ್ತ ಬಂದ ಲೆಕ್ಕ ಹಾಕಿ, ಅದರ ವಯಸ್ಸು 2ರಿಂದ 4 ಕೋಟಿ ವರ್ಷ ಎಂದಿದ್ದರು. ಅಷ್ಟರಲ್ಲಿ ವಿಕಿರಣಶೀಲತೆ ಪತ್ತೆಯಾಯಿತು. ಯುರೇನಿಯಂ ತನ್ನಷ್ಟಕ್ಕೆ ಕರಗುತ್ತ ಕೊನೆಗೆ ಸೀಸವಾಗುತ್ತದೆ ಎಂಬುದನ್ನು ಬಳಸಿ 1907ರಲ್ಲಿ ಅಮೆರಿಕದ ಬೋಲ್ಟ್‌ವುಡ್ ಕೆಲವು ಖನಿಜಗಳಿಗೆ 41 ಕೋಟಿಯಿಂದ 220 ಕೋಟಿ ವರ್ಷದವರೆಗೆ ವಯಸ್ಸು ಕಟ್ಟಿದರು. ಅಂಕಿಗಳು ಒರಟು, ಆದರೆ ಕಾಲದ ಬಾಗಿಲು ತೆರೆಯಿತು. ಇಂಗ್ಲೆಂಡಿನ ಆರ್ಥರ್ ಹೋಮ್ಸ್ ಅವರು ಈ ವಿದ್ಯೆಗೆ ಜೀವಮಾನವನ್ನೇ ಮುಡಿಪಾಗಿಟ್ಟರು. 1955ರಲ್ಲಿ ಅವರು ನಮ್ಮ ಪರ್ಯಾಯದ್ವೀಪದ ಪುರಾತನ ಶಿಲೆಗಳ ಕಾಲಗಣನೆಯನ್ನೂ ಕೈಗೆತ್ತಿಕೊಂಡು ಲೇಖನ ಬರೆದರು. ಮರುವರ್ಷ ಪ್ಯಾಟರ್‌ಸನ್ ಎಂಬವರು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ನಿಶ್ಚಯಿಸಿದರು.

ಈ ವಿದ್ಯೆಯ ಒಳಗುಟ್ಟನ್ನು ಬ್ಯಾಂಕಿನ ಠೇವಣಿಯ ಉದಾಹರಣೆಯಿಂದ ಹೇಳಬಹುದು. ಠೇವಣಿ ಖಾತೆಯೊಂದರಲ್ಲಿ ಮೂಲಧನ ಇಷ್ಟು, ಬಡ್ಡಿ ಇಷ್ಟು, ದರ ಇಷ್ಟು ಎಂದು ಗೊತ್ತಾದರೆ ಖಾತೆ ಯಾವಾಗ ತೆರೆದದ್ದೆಂದು ಲೆಕ್ಕ ಹಾಕಬಹುದಲ್ಲವೇ? ಕಲ್ಲಿನೊಳಗಿನ ರುಬಿಡಿಯಂ ಎಂಬ ಧಾತುವಿನ ಒಂದು ಬಗೆ ಅತಿ ನಿಧಾನವಾಗಿ ಸ್ಟ್ರಾನ್ಷಿಯಂ ಆಗುತ್ತದೆ. ಅದರ ಅರ್ಧ ಭಾಗ ಕರಗಲು ಸುಮಾರು 5,000 ಕೋಟಿ ವರ್ಷ ಬೇಕು. ರುಬಿಡಿಯಂ ಮೂಲಧನ, ಸ್ಟ್ರಾನ್ಷಿಯಂ ಬಡ್ಡಿ. ಒಂದು ವ್ಯತ್ಯಾಸ ಉಂಟು: ಇಲ್ಲಿ ಮೂಲಧನವೇ ಕರಗಿ ಬಡ್ಡಿಯಾಗುತ್ತದೆ.

ತೊಡಕು ಏನೆಂದರೆ ಖಾತೆ ತೆರೆದ ದಿನವೇ ಅದರಲ್ಲಿ ಸ್ವಲ್ಪ ಸ್ಟ್ರಾನ್ಷಿಯಂ ಇರುತ್ತದೆ. ಆದ್ದರಿಂದ ಒಂದೇ ಬಂಡೆಯ ಹಲವು ತುಂಡುಗಳನ್ನು, ಎಂದರೆ ಒಂದೇ ದಿನ ಬೇರೆಬೇರೆ ಮೂಲಧನದಿಂದ ತೆರೆದ ಹಲವು ಖಾತೆಗಳನ್ನು, ಹೋಲಿಸಿ ನೋಡುತ್ತಾರೆ. ಹೆಚ್ಚು ಮೂಲಧನವಿದ್ದಲ್ಲಿ ಹೆಚ್ಚು ಬಡ್ಡಿ ಇರಬೇಕು. ಅಂಕಿಗಳನ್ನು ನಕ್ಷೆಕಾಗದದ ಮೇಲೆ ಗುರುತಿಸಿದರೆ ಅವು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಆ ಗೆರೆಯ ಏರು ಎಷ್ಟು ಕಡಿದಾಗಿದೆಯೋ ಕಲ್ಲಿಗೆ ಅಷ್ಟು ವಯಸ್ಸು.

1969ರಲ್ಲಿ ಎ.ಆರ್. ಕ್ರಾಫರ್ಡ್ ಅವರು ದಕ್ಷಿಣ ಭಾರತದ ಶಿಲೆಗಳನ್ನು ಈ ಕ್ರಮದಿಂದ ಅಳೆದ ಫಲಿತಾಂಶಗಳನ್ನು ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಈ ಸಂಘವನ್ನು ದಶಕಗಳ ಕಾಲ ಮುನ್ನಡೆಸಿದವರು ನಮ್ಮ ಡಾ. ಬಿ.ಪಿ. ರಾಧಾಕೃಷ್ಣ. 1980ರಲ್ಲಿ ಬೆಕಿನ್ಸೇಲ್, ಡ್ರೂರಿ, ಹೋಲ್ಟ್ ಎಂಬ ಮೂವರು ಹಾಸನ ಸೀಮೆಯ ನೈಸ್ ಶಿಲೆಗೆ 336 ಕೋಟಿ ವರ್ಷ ಎಂದು ‘ನೇಚರ್’ ಪತ್ರಿಕೆಯಲ್ಲಿ ಸಾರಿದಾಗ ಭೂವಿಜ್ಞಾನಿಗಳೆಲ್ಲ ಕಿವಿ ನಿಮಿರಿಸಿದರು.

ಆದರೆ ರುಬಿಡಿಯಂ ಖಾತೆಗೆ ಒಂದು ದೌರ್ಬಲ್ಯವಿದೆ. ಕಲ್ಲು ಮತ್ತೊಮ್ಮೆ ಚೆನ್ನಾಗಿ ಕಾದರೆ ಹಳೆಯ ಲೆಕ್ಕ ಅಳಿಸಿ ಹೊಸ ಖಾತೆ ತೆರೆದಂತಾಗಿಬಿಡುತ್ತದೆ. ನಮ್ಮ ನೈಸ್ ಎಷ್ಟೋ ಬಾರಿ ಕಾದ ಕಲ್ಲು. ಆಗ ಸಹಾಯಕ್ಕೆ ಬಂದದ್ದು ಜಿರ್ಕಾನ್ ಎಂಬ ಮರಳಿನ ಕಣದಷ್ಟು ಸಣ್ಣ ಹರಳು. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಆದ್ದರಿಂದ ಆಮೇಲೆ ಒಳಗೆ ಕಂಡ ಸೀಸವೆಲ್ಲ ಬಡ್ಡಿಯೇ. ಅದೂ ಒಂದಲ್ಲ, ಎರಡು ಗಡಿಯಾರ. ಯುರೇನಿಯಂನ ಒಂದು ಬಗೆಗೆ ಅರ್ಧಾಯು ಸುಮಾರು 447 ಕೋಟಿ ವರ್ಷ, ಇನ್ನೊಂದಕ್ಕೆ ಸುಮಾರು 70 ಕೋಟಿ ವರ್ಷ. ಎರಡೂ ಒಂದೇ ಸಮಯ ತೋರಿಸಿದರೆ ಅದನ್ನು ನಂಬಬಹುದು. ಜಿರ್ಕಾನ್ ಕರಗದ, ಸವೆಯದ ಗಟ್ಟಿ ಪೆಟ್ಟಿಗೆ. ಬಂಡೆ ಕಾದು ಬಳುಕಿದರೂ ಅದರ ಒಡಲಲ್ಲಿ ಹಳೆಯ ದಾಖಲೆ ಉಳಿದಿರುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ತಯಾರಾದ ಒಂದು ಯಂತ್ರ ಇಂಥ ಒಂದೇ ಹರಳಿನ ಬೇರೆಬೇರೆ ಬಿಂದುಗಳನ್ನು ಓದುವಷ್ಟು ಸೂಕ್ಷ್ಮವಾಗಿತ್ತು.

ಲೆಕ್ಕ ತೀರಿದ್ದು

1991ರಲ್ಲಿ ಫ್ರೆಂಡ್ ಮತ್ತು ನಟ್‌ಮನ್ ಎಂಬವರು ಆ ಯಂತ್ರದಿಂದ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸನ್ನು 251.3 ಕೋಟಿ ವರ್ಷ ಎಂದು ಕಟ್ಟಿದರು. ಹೆಚ್ಚುಕಡಿಮೆ ಬರೀ 50 ಲಕ್ಷ ವರ್ಷ. ನೆರೆಯ ನೈಸ್ ಸುಮಾರು 296 ಕೋಟಿ ವರ್ಷದ್ದು. ಕ್ಲೋಸ್‌ಪೇಟೆ ಕಿರಿಯ ಎಂಬ ಸ್ಮೀತ್ ಅವರ ಮಾತು ಇಲ್ಲಿ ನಿಂತಿತು. 1992ರಲ್ಲಿ ಸರಗೂರು ಪೀಳಿಗೆಯ ಮರಳುಗಲ್ಲಿನಲ್ಲಿದ್ದ ಜಿರ್ಕಾನ್ ಹರಳುಗಳನ್ನು ಅಳೆದಾಗ ಅವುಗಳಲ್ಲಿ ಕೆಲವು 358 ಕೋಟಿ ವರ್ಷದಷ್ಟು ಹಳೆಯವಾಗಿದ್ದವು. ಎಂದರೆ ಹಾಸನದ ನೈಸ್‌ಗೂ ಮೊದಲು ಇಲ್ಲೆಲ್ಲೋ ಇನ್ನೊಂದು ನೆಲವಿತ್ತು. ಅದು ಮಳೆಗಾಳಿಗೆ ಸವೆದು ಅಳಿದುಹೋಗಿದೆ, ಹರಳುಗಳು ಮಾತ್ರ ಮರಳಿನಲ್ಲಿ ಉಳಿದಿವೆ. ಇನ್ನು ಬಾಬಾಬುಡನ್ ಕಡೆಯ ಧಾರವಾಡ ಶಿಲೆಗಳ ವಯಸ್ಸು ಸುಮಾರು 290ರಿಂದ 270 ಕೋಟಿ ವರ್ಷದ ನಡುವಿನದು. ಸರಗೂರು ಬೇರೆ, ಧಾರವಾಡ ಬೇರೆ ಎಂಬ 1976ರ ಮಾತಿಗೆ ಇದು ಒಳ್ಳೆಯ ಬೆಂಬಲ.

ಅತ್ಯಂತ ಬೆರಗಿನ ಫಲಿತಾಂಶ ಬಂದದ್ದು ಕೋಲಾರದಿಂದ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ವಿ. ರಾಜಮಣಿ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ಕೋಲಾರದ ಚಿನ್ನದ ಪಟ್ಟಿಯ ಎರಡೂ ಮಗ್ಗುಲಿನ ನೈಸ್‌ಗಳನ್ನು ಅಳೆದು 1989ರಲ್ಲಿ ಪ್ರಕಟಿಸಿದರು. ಪೂರ್ವದವು ಸುಮಾರು 253 ಕೋಟಿ ವರ್ಷ, ಪಶ್ಚಿಮದವು 255ರಿಂದ 263 ಕೋಟಿ. ಸ್ಮೀತ್ ಅವರು ಹಿರಿಯನೆಂದು ಮೇಲೆ ಕೂರಿಸಿದ್ದ ಚಾಂಪಿಯನ್ ನೈಸ್ ಕೂಡ ಈ ಕಿರಿಯರ ಬಳಗದ್ದೇ. ಹಾಸನದ ನೈಸ್ ಎದುರು ಅದು ಎಂಬತ್ತು ಕೋಟಿ ವರ್ಷ ಚಿಕ್ಕದು. ಹಿರಿತನದ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಹಿಂಬಡ್ತಿ ಇರಲಾರದು!

ಇದೆಲ್ಲದರಿಂದ ತಿಳಿಯುವುದೇನು? ಪೆನಿನ್ಸುಲಾರ್ ನೈಸ್ ಎಂಬುದು ಒಂದು ಕಲ್ಲಿನ ಹೆಸರಲ್ಲ, ಒಂದು ಅವಿಭಕ್ತ ಕುಟುಂಬದ ಮನೆತನದ ಹೆಸರು. ಪಶ್ಚಿಮಕ್ಕೆ ಹಾಸನ, ಹೊಳೆನರಸೀಪುರದ ಕಡೆ 330 ಕೋಟಿ ದಾಟಿದ ಅಜ್ಜಂದಿರು. ಪೂರ್ವಕ್ಕೆ ಹೋದಂತೆ 270ರಿಂದ 250 ಕೋಟಿಯ ಮಕ್ಕಳು, ಮೊಮ್ಮಕ್ಕಳು. ಇದೊಂದು ಹೆಸರಿನ ಕೆಳಗೆ ಎಂಬತ್ತು ತೊಂಬತ್ತು ಕೋಟಿ ವರ್ಷಗಳ ಸಂಸಾರ ಅಡಗಿದೆ. ಇದು ಬಗೆಬಗೆಯ ಕಲ್ಲುಗಳ ಕೂಟವೆಂದು ಸ್ಮೀತ್ ಅವರಿಗೂ ಗೊತ್ತಿತ್ತು. ಆದರೆ ಒಂದೊಂದನ್ನೂ ಬಿಡಿಸಿ ಹೇಳುವ ಗಡಿಯಾರ ಅವರ ಕೈಯಲ್ಲಿ ಇರಲಿಲ್ಲ. ಈಗ ವಿಜ್ಞಾನಿಗಳು ಇದನ್ನು ನೈಸ್ ಸಂಕೀರ್ಣ ಎಂದು ಕರೆಯುವುದು ಇದೇ ಕಾರಣಕ್ಕೆ.

ಈ ಸಂಕೀರ್ಣದ ಗುಣವನ್ನು ಒಂದೇ ಜಾಗದಲ್ಲಿ ಕಾಣಬೇಕೆಂದರೆ ಕನಕಪುರದ ಬಳಿಯ ಕಬ್ಬಾಳದುರ್ಗಕ್ಕೆ ಹೋಗಬೇಕು. ಅಲ್ಲಿ ನೈಸ್ ಪಟ್ಟೆಗಳನ್ನು ಅಡ್ಡ ಹಾಯ್ದು ಕಪ್ಪುಹಸಿರಿನ ಮಚ್ಚೆಗಳಿವೆ. ಅವು ಚಾರ್ನೊಕೈಟ್. ನೈಸ್ ಚಾರ್ನೊಕೈಟಾಗಿ ಮಾರ್ಪಡುತ್ತಿರುವಾಗಲೇ ಆ ಕೆಲಸ ಅರ್ಧಕ್ಕೆ ನಿಂತುಹೋಗಿದೆ! ಇದನ್ನು ಗುರುತಿಸಿ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಡಾ. ಸಿ.ಎಸ್. ಪಿಚ್ಚಮುತ್ತು. ಇದಕ್ಕಾಗಿ ಹೊರದೇಶದ ವಿಜ್ಞಾನಿಗಳೂ ಕಬ್ಬಾಳದ ಕಲ್ಲುಗಣಿಗೆ ಯಾತ್ರೆ ಬಂದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಲಾಲ್‌ಬಾಗಿನ ಬಂಡೆ ಜಗತ್ತಿನಲ್ಲೇ ಅತ್ಯಂತ ಹಳೆಯದು ಎಂದು ಅಭಿಮಾನದಿಂದ ಹೇಳುವವರುಂಟು. ಅದು ಸರಿಯಲ್ಲ. ಅದರ ಫಲಕ ಹೇಳುವುದು 300 ಕೋಟಿ ವರ್ಷ. ಕೆನಡಾದ ಅಕಾಸ್ಟ ನೈಸ್ ಸುಮಾರು 403 ಕೋಟಿ ವರ್ಷದ್ದು. ಗ್ರೀನ್‌ಲೆಂಡಿನಲ್ಲಿಯೂ ನಮ್ಮದಕ್ಕಿಂತ ಹಳೆಯ ನೈಸ್‌ಗಳಿವೆ. ಆಸ್ಟ್ರೇಲಿಯಾದ ಒಂದು ಜಿರ್ಕಾನ್ ಹರಳಿಗೆ 440 ಕೋಟಿ ವರ್ಷ. ನಮ್ಮ ದೇಶದಲ್ಲೇ ಒಡಿಶಾದ ಚಂಪುವಾ ಬಳಿಯ ಹರಳೊಂದು 424 ಕೋಟಿ ವರ್ಷದ್ದೆಂದು 2018ರಲ್ಲಿ ವರದಿಯಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದರೆ ನಮ್ಮ ಬಂಡೆಯ ಘನತೆಗೇನೂ ಕುಂದಿಲ್ಲ. ಹಾಸನದ 336 ಕೋಟಿ ವರ್ಷವನ್ನು ಒಂದು ವರ್ಷದ ಪಂಚಾಂಗಕ್ಕೆ ಇಳಿಸಿ, ಆ ನೈಸ್ ಜನವರಿ 1ರಂದು ಹುಟ್ಟಿತೆಂದು ಇಟ್ಟುಕೊಳ್ಳೋಣ. ಕ್ಲೋಸ್‌ಪೇಟೆ ಗ್ರಾನೈಟ್ ಬರುವುದು ಏಪ್ರಿಲ್ ಆರಂಭದಲ್ಲಿ. ಚಿಪ್ಪು, ಕವಚಗಳಿರುವ ಪ್ರಾಣಿಗಳು ಹೇರಳವಾಗುವ ಕೇಂಬ್ರಿಯನ್ ಯುಗ ನವೆಂಬರ್ ಆರಂಭದಲ್ಲಿ. ಅದಕ್ಕೂ ಹಿಂದಿನದೆಲ್ಲ ಪ್ರೀಕೇಂಬ್ರಿಯನ್ ಎಂಬ ಒಂದೇ ಹೆಸರಿನ ಮೂಟೆ. ಮನುಷ್ಯನ ಬಾಳೆಲ್ಲ ಡಿಸೆಂಬರ್ 31ರ ರಾತ್ರಿಯ ಕೊನೆಯ ಮುಕ್ಕಾಲು ಗಂಟೆ.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಏನಿದೆ ಎಂದು ಕೇಳಬಹುದು. ಮುಂಬಯಿ, ಪುಣೆಗಳ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾರಸ. ಮೇಲಿನ ಪಂಚಾಂಗದಲ್ಲಿ ಅದು ಡಿಸೆಂಬರ್ 24ರ ಮಾತು. ಊರಿಗೆ ಹೋಗುವಾಗ ಬೆಳಗಾವಿಯ ಸುತ್ತ ಈ ಕಪ್ಪು ಹೊದಿಕೆ ಮುಗಿದು ಹಳೆಯ ನೆಲ ತಲೆಯೆತ್ತುತ್ತದೆ. ಆದರೆ ಹೊದಿಕೆ ಮುಗಿಯುವಲ್ಲಿ ಹಳೆಯ ನೆಲ ಶುರುವಾಗುವುದಲ್ಲ, ಅದು ಹೊದಿಕೆಯ ಕೆಳಗೂ ಇದೆ. 1993ರ ಭೂಕಂಪದ ಬಳಿಕ ಲಾತೂರಿನ ಕಿಲ್ಲಾರಿಯಲ್ಲಿ ಕೊರೆದಾಗ 338 ಮೀಟರ್ ಕಪ್ಪು ಕಲ್ಲಿನ ಅಡಿಯಲ್ಲಿ ಪುರಾತನ ಶಿಲೆ ಸಿಕ್ಕಿತು. 1967ರ ಭೂಕಂಪಕ್ಕೆ ಹೆಸರಾದ ಕೊಯ್ನಾದಲ್ಲಿಯೂ ಆಳವಾಗಿ ಕೊರೆದಾಗ ಸುಮಾರು ಒಂದು ಕಿಲೋಮೀಟರ್ ಲಾವಾದ ಕೆಳಗೆ ಗ್ರಾನೈಟು, ನೈಸ್‌ಗಳೇ ದೊರೆತವು. ಅವು ನಮ್ಮ ನಾಡಿನ ನೈಸ್ ಬಳಗಕ್ಕೇ ಸೇರಿದವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಹೈದರಾಬಾದಿನಲ್ಲಿರುವವರಂತೂ ಈ ಮನೆತನದ ಪೂರ್ವ ಶಾಖೆಯ ಮೇಲೆಯೇ ಮನೆ ಮಾಡಿದ್ದಾರೆ. ಚೆನ್ನೈಯವರಿಗೆ ಚಾರ್ನೊಕೈಟಿನ ತವರೇ ಬಾಗಿಲಲ್ಲಿದೆ. ಭಾಷಾವಾರು ಗಡಿಗಳು 1956ರವು. ಕಲ್ಲಿಗೆ ಅವುಗಳ ಸುದ್ದಿಯಿಲ್ಲ.

ಕೊನೆಯದಾಗಿ ಒಂದು ಕಳಕಳಿಯ ಮಾತು. ಈ ಚರಿತ್ರೆಯಲ್ಲಿ ನಡೆದ ತಿದ್ದುಪಡಿಗಳೆಲ್ಲ ಸಾಧ್ಯವಾದದ್ದು ಬಂಡೆ ಇದ್ದ ಜಾಗದಲ್ಲಿ ಇದ್ದುದರಿಂದ. ಫೂಟ್ ನೋಡಿದ ಬಂಡೆಯನ್ನೇ ಸ್ಮೀತ್ ಮತ್ತೆ ನೋಡಿದರು, ಅದನ್ನೇ ರಾಮರಾವ್, ಪಿಚ್ಚಮುತ್ತು ಮತ್ತೆ ನೋಡಿದರು, ಅದರ ಚೂರನ್ನೇ ಯಂತ್ರಕ್ಕೆ ಕೊಟ್ಟರು. ಮನೆಗೆ ಕಲ್ಲು ಬೇಕು, ರಸ್ತೆಗೆ ಜಲ್ಲಿ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಗರಗಳ ಸುತ್ತಲಿನ ಗುಡ್ಡಗಳು ಜಲ್ಲಿಯಂತ್ರದ ಬಾಯಿಗೆ ಬೀಳುವ ವೇಗವನ್ನು ನೋಡಿದರೆ ಮುಂದಿನವರು ತಿದ್ದಲು ಏನು ಉಳಿದೀತೆಂದು ಚಿಂತೆಯಾಗುತ್ತದೆ. ಸ್ಮಾರಕವೆಂದು ಫಲಕ ಕಂಡ ಬಂಡೆಗಳು ಬೆರಳೆಣಿಕೆಯಷ್ಟು. ಫಲಕವಿಲ್ಲದ, ಆದರೆ ಎರಡು ಕಲ್ಲುಗಳ ಹಿರಿತನಕ್ಕೆ ಸಾಕ್ಷಿಯಾಗಿರುವ ಹಾಸುಬಂಡೆಗಳು ನಮ್ಮ ನಿಮ್ಮ ಊರುಗಳ ಹೊರವಲಯದಲ್ಲಿ ಬೇಕಾದಷ್ಟಿವೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಗುಡಿಗೆ, ಕೆರೆಗೆ ಕರೆದೊಯ್ಯುವಂತೆ ಅಂಥ ಒಂದು ಬಂಡೆಗೂ ಕರೆದೊಯ್ದು, ಅದರ ಪಟ್ಟೆಗಳ ಮೇಲೆ ಕೈಯಾಡಿಸಿ ಹೆಸರು ಹೇಳಿಕೊಡಿ, ವಯಸ್ಸನ್ನೂ ಹೇಳಿಕೊಡಿ. ಊರವರಿಗೆ ಅದು ಬರೀ ಕಲ್ಲಲ್ಲವೆಂದು ಗೊತ್ತಾದರೆ ಉಳಿಸಿಕೊಳ್ಳುವ ದಾರಿಯನ್ನು ಅವರೇ ಹುಡುಕಿಯಾರು.